ಬಿರುಕು ಬಿಟ್ಟ ಟ್ಯಾಂಕಿನ ಕೆಳಗೆ

ನಮ್ಮ ಯಜಮಾನರು ವಾರ್ಡಿನ ನೀರುಗಂಟಿ. ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಅವರ ಕೆಲಸ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ, ಮೊಣಕಾಲವರೆಗೆ ಸದಾ ಒದ್ದೆ ಪ್ಯಾಂಟು. ಪುಕ್ಕಲು ಮನುಷ್ಯ. ನೀರು ಕಡಿಮೆಯಾದರೆ ಜನ ಮೊದಲು ಹಿಡಿಯುವುದು ನೀರು ಬಿಡುವವನ ಕಾಲರನ್ನೇ. ದಿಣ್ಣೆ ಬೀದಿಯ ಲಾಂಡ್ರಿಯವನು ಒಮ್ಮೆ ಹಿಡಿದೂ ಇದ್ದ. ಕಿತ್ತುಹೋದ ಗುಂಡಿಯನ್ನು ನಾನೇ ಹೊಲಿದೆ.

ವಾರ್ಡಿನ ನೀರಿನ ಟ್ಯಾಂಕು ನಮ್ಮ ಮನೆಯ ಹಿಂದೆಯೇ ಇದೆ. ಒಂದು ಸಂಜೆ ಅವರು ತಟ್ಟೆ ಮುಂದೆ ಕೂತು, ಮುಟ್ಟದೆ ಎದ್ದರು. ಟ್ಯಾಂಕಿನ ಕಂಬ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ ಎಂದರು. ಎಂಜಿನಿಯರು ಬಂದು ನೋಡಿ, ದುರಸ್ತಿ ಆಗುವವರೆಗೆ ಅರ್ಧ ಮಾತ್ರ ತುಂಬಿಸಿ ಎಂದು ಹೇಳಿ ಹೋದರು.

ಅರ್ಧ ಟ್ಯಾಂಕಿನ ನೀರು ದಿಣ್ಣೆ ಹತ್ತುವುದಿಲ್ಲ. ಕೆಳಗಿನ ನಮ್ಮ ಬೀದಿಯ ವಾಲ್ವ್ ಮುಚ್ಚಿದರೆ ಮಾತ್ರ ಸಣ್ಣಗೆ ಹತ್ತುತ್ತದೆ. ಇವರಿಗೆ ಟ್ಯಾಂಕಿನ ಭಯ ಒಂದು, ಜನರ ಭಯ ಇನ್ನೊಂದು. ಮೋಟಾರು ಕೆಟ್ಟಿದೆ ಎಂದು ಸುಳ್ಳು ಹೇಳಿಬಿಡೋಣ ಅಂತ ವಾರ್ಡ್ ಮೆಂಬರಮ್ಮನ ಹತ್ತಿರ ಹೋದರು. ಆಕೆ ಒಪ್ಪಲಿಲ್ಲ. ಎರಡೂ ಬೀದಿಯವರನ್ನು ಟ್ಯಾಂಕಿನ ಕೆಳಗೇ ಸೇರಿಸಿದರು. ಜನ ಕುರ್ಚಿ ಎಳೆದೂ ಎಳೆದೂ ರಸ್ತೆಗೇ ಹೋಗಿ ಕೂತರು.

"ಮೆಂಬರಮ್ಮ, ನೀವೇ ನಡುವೆ ಕೂತ್ಕೊಳ್ಳಿ. ಬಿದ್ರೆ ಇನ್ನೊಂದು ಎಲೆಕ್ಷನ್ ಮಾಡ್ಕೋತೀವಿ" ಎಂದ ಲಾಂಡ್ರಿಯವನು.

ಆಕೆ ಅಲ್ಲೇ ಕೂತರು. ಪೂರ್ತಿ ತುಂಬಿಸಿ, ಬಿದ್ದರೆ ನಮ್ಮ ಮೇಲೇನೂ ಬೀಳೋದಿಲ್ಲ ಎಂದರು ದಿಣ್ಣೆಯವರು. ಬಿದ್ದ ಮೇಲೆ ಕುಡಿಯೋದಕ್ಕೆ ಎಲ್ಲಿಂದ ತರ್ತೀರಿ ಎಂದು ಆಕೆ ಕೇಳಿದರು. ಬೈದಾಡಿ ಬೈದಾಡಿ ಕಡೆಗೆ ಒಂದು ದಾರಿಗೆ ಬಂದರು. ದಿನ ಬಿಟ್ಟು ದಿನ ಒಂದೊಂದು ಬೀದಿಗೆ ನೀರು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ, ಅದಕ್ಕೇ ನಮ್ಮ ವಾಲ್ವಿಗೆ ಅವರಲ್ಲೊಬ್ಬ ಕಾವಲು, ಅವರ ವಾಲ್ವಿಗೆ ನಮ್ಮವನೊಬ್ಬ. ನಮ್ಮ ಕಡೆಗೆ ಬಂದವನು ಲಾಂಡ್ರಿಯವನೇ. ಮೊದಮೊದಲು ಇವರು ಅವನಿಗೆ ಬೆನ್ನು ಕೊಟ್ಟು ನಿಲ್ಲುತ್ತಿರಲಿಲ್ಲ. ಆಮೇಲಾಮೇಲೆ ಕೀಲಿಯ ಒಂದು ತುದಿಯನ್ನು ಅವನೇ ಹಿಡಿದು ತಿರುಗಿಸುತ್ತಿದ್ದ.

ದುರಸ್ತಿಗೆ ಮೊದಲೇ ಇವರು ಹೋಗಿಬಿಟ್ಟರು. ಎದೆ ಹಿಡಿದಂತಾಗುತ್ತಿದೆ ಎಂದರು. ನಾನು ಲೋಟ ತರುವಷ್ಟರಲ್ಲಿ ಇಲ್ಲ.

ಸಾವಿನ ಮನೆ ಎಂದು ಕೆಲವು ದಿನ ಯಾರೂ ಕಾವಲಿಗೆ ಬರಲಿಲ್ಲ. ಕಚೇರಿಯವರು ಹೊಸಬನೊಬ್ಬನನ್ನು ಕಳಿಸಿದರು. ಅರ್ಧವೇ ತುಂಬಬೇಕೆಂದು ಅವನಿಗೆ ಕೆಳಗಿನವರು ಹೇಳಿರುತ್ತಾರೆ ಎಂದುಕೊಂಡರು ದಿಣ್ಣೆಯವರು. ದಿಣ್ಣೆಯವರು ಹೇಳಿರುತ್ತಾರೆ ಎಂದುಕೊಂಡೆವು ನಾವು. ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಹಿತ್ತಲಲ್ಲಿ ಧೋ ಎಂದು ನೀರು ಸುರಿಯಿತು. ಟ್ಯಾಂಕು ತುಂಬಿ ಉಕ್ಕುತ್ತಿತ್ತು. ಕಂಬದಿಂದ ಸಣ್ಣ ಸಣ್ಣ ಚೂರು ಉದುರುತ್ತಿತ್ತು. ಅಕ್ಕಪಕ್ಕದವರನ್ನು ಕೂಗಿ ಮನೆಯಿಂದ ಹೊರಡಿಸಿ, ದಿಣ್ಣೆಗೆ ಓಡಿದೆ.

"ತಮ್ಮಾ, ತುಂಬಿಬಿಟ್ಟಿದಾರೆ" ಎಂದೆ. ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆ ಬಿಟ್ಟಲ್ಲೇ ಬಿಟ್ಟು ಓಡಿಬಂದ. ಯಾರದೋ ಅಂಗಿ ಸುಟ್ಟೇ ಹೋಯಿತಂತೆ. ಹೊಸಬ ಬಿಳಿಚಿಕೊಂಡು ಕೀಲಿಯನ್ನು ಇವನ ಕೈಗೆ ಕೊಟ್ಟ. ಮೋಟಾರು ನಿಲ್ಲಿಸಿ ಎರಡೂ ವಾಲ್ವ್ ತೆರೆದರು. ಮೆಂಬರಮ್ಮ ಮನೆಮನೆಗೆ ಹೋಗಿ ಇರೋ ನಲ್ಲಿಯೆಲ್ಲ ಬಿಡಿ ಎಂದರು. ಒಂದು ಕೊಡಕ್ಕೆ ಜುಟ್ಟು ಹಿಡಿದು ಜಗಳವಾಡಿದವರೇ ನೀರನ್ನು ಚರಂಡಿಗೆ ಬಿಟ್ಟರು. ನಾನು ರಸ್ತೆಯಾಚೆ ಒಂದು ಮೆಟ್ಟಿಲ ಮೇಲೆ ಕೂತು ಕಂಬ ನೋಡುತ್ತಿದ್ದೆ. ಕಣ್ಣು ಮಿಟುಕಿಸಿದರೆ ಬೀಳುತ್ತದೇನೋ ಅನಿಸುತ್ತಿತ್ತು.

ಸಂಜೆ ಲಾಂಡ್ರಿಯವನು ತೊಯ್ದು ತೊಪ್ಪೆಯಾಗಿ ಬಂದ.

"ಅಕ್ಕಾ, ಅರ್ಧಕ್ಕಿಳೀತು. ನಾಳೆಯಿಂದ ನೀವೂ ಕಾವಲಿಗೆ ಬನ್ನಿ."

"ನಂಗೆ ಭಯ ಆಗತ್ತಪ್ಪ."

"ನಮಗೇನು ಕಮ್ಮಿನಾ? ಒಬ್ರೇ ನಿಲ್ಲೋದು ಬೇಡ ಅಂತಾನೇ ಕರೀತಿರೋದು."

ಮರುದಿನ ಹೋದೆ. ಕಂಬದ ಮೇಲಿಂದ ಕಣ್ಣು ತೆಗೆಯಲಿಲ್ಲ. ಅರ್ಧ ತುಂಬಿದಾಗ ಮೋಟಾರು ನಿಲ್ಲಿಸು ಎಂದು ಹೊಸಬನಿಗೆ ನಾನೇ ಹೇಳಿದೆ. ನಿಲ್ಲಿಸಿದ.