ಬಾಂಗ್ಸಾರ್ ಆಫೀಸಿನ ಬಂಗುಡೆ ಪುಳಿಮುಂಚಿ

ಮಂಗಳೂರಿನ ಮ್ಯಾಗ್ಡಲಿನ್ ಮಲೇಷ್ಯಾದ ಬಾಂಗ್ಸಾರಿನಲ್ಲಿ ಒಂದು ಫ್ರೆಂಚ್ ಕಂಪನಿಯಲ್ಲಿ ಅಕೌಂಟೆಂಟ್. ಆಫೀಸಿನ ತುಂಬ ಫ್ರೆಂಚ್ ಮಾತಾಡುವವರು. ಇಂಗ್ಲಿಷ್ ಮಾತಾಡುವವರೆಂದರೆ ಅವಳು ಮತ್ತು ರಿಸೆಪ್ಶನಿನ ತಮಿಳು ಹೆಂಗಸು ಕಮಲಂ, ಇಬ್ಬರೇ. ಕೆಲಸದ ವಿಷಯವೆಲ್ಲ ಇಂಗ್ಲಿಷ್ ಈಮೇಲಿನಲ್ಲೇ ಮುಗಿಯುತ್ತಿತ್ತು. ಮಧ್ಯಾಹ್ನ ಇವಳು ಹುಳಿ-ಖಾರದ ಮೀನಿನ ಸಾರು, ಬಂಗುಡೆ ಪುಳಿಮುಂಚಿಯ ಡಬ್ಬಿ ತೆರೆದರೆ ಸಾಕು, ಆಚೆ ಮೇಜಿನಲ್ಲಿ ಪಿಸುಪಿಸು ಶುರು.

"ನಮ್ಮ ಮೀನಿನ ವಾಸನೆಗೆ ನಗ್ತಾರೆ, ನಂಗೆ ಗೊತ್ತುಂಟು," ಎಂದು ಗಂಡ ನಾರ್ಬರ್ಟನ ಹತ್ತಿರ ದೂರಿದಳು.

"ಭಾಷೆ ಕಲ್ತು ಬೈದುಬಿಡು ಮಾರಾಯ್ತಿ," ಎಂದ ಅವನು.

ಅವಳು ಹಟ ಹಿಡಿದು, ಮನೆಯಿದ್ದ ಪುಚೊಂಗ್‌ನಿಂದ ಬರುವ ರೈಲಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಫ್ರೆಂಚ್ ಕಲಿತಳು. ಕೆಲವು ತಿಂಗಳಲ್ಲಿ ಪಿಸುಮಾತು ಅರ್ಥವಾಗತೊಡಗಿತು. ಘಮಘಮಿಸುವ ಆ ಮೀನಿನ ಒಂದು ತುಂಡನ್ನು ಇಂಗ್ಲಿಷಿನಲ್ಲಿ ಕೇಳುವವರು ಯಾರು ಎಂಬುದೇ ಅವರ ಜಗಳ! ಮಾತು ತಪ್ಪಿದರೆ ಮ್ಯಾಗ್ಡಲಿನ್ ನಕ್ಕಾಳೆಂದು ಎಲ್ಲರಿಗೂ ಹೆದರಿಕೆ.

ಬೈಗುಳವೆಲ್ಲ ಅವಳ ಗಂಟಲಲ್ಲೇ ಉಳಿಯಿತು. ಎದ್ದು ನಿಂತು, "ನಾಳೆ ನಿಮಗೆಲ್ಲ ಮೀನು ತರುತ್ತೇನೆ" ಎಂದು ಫ್ರೆಂಚಿನಲ್ಲಿ ಹೇಳಹೊರಟಳು. ಆ ಭಾಷೆಯಲ್ಲಿ ಮೀನಿಗೂ ವಿಷಕ್ಕೂ ಉಚ್ಚಾರದಲ್ಲಿ ಕೂದಲೆಳೆಯ ಅಂತರ. ಅವಳ ಬಾಯಿಂದ ಬಂದದ್ದು ವಿಷ.

ಮ್ಯಾನೇಜರ್ ಲ್ಯೂಕ್ ಗಂಭೀರವಾಗಿ, "ತನ್ನಿ. ಜೊತೆಗೆ ಅನ್ನವೂ ಇರಲಿ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಮೊದಲ ತುತ್ತಿಗೇ ಲ್ಯೂಕನ ಮುಖ ಕೆಂಪೇರಿತು. ಇಂಗ್ಲಿಷಿಗೆ ಬಾಯಿಯೇ ಬಿಡದ ಮನುಷ್ಯ, "ವಾಟರ್ ಲಾ! ವಾಟರ್!" ಎಂದು ಮಲೇಷ್ಯಾದವರ ಧಾಟಿಯಲ್ಲೇ ಕೂಗಿದ. ಕಮಲಂ ಬಾಟಲಿ ಹಿಡಿದು ಓಡಿ ಬಂದಳು. ನೀರು ಕುಡಿದು, ಮೂಗು ಒರೆಸಿಕೊಂಡು, ಅವನು ಮತ್ತೆ ತಟ್ಟೆ ಮುಂದೆ ಚಾಚಿದ.