ಹೇಮರಾಜರು ಚಾ ಬೇಡವೆಂದದ್ದು

ಮೂಡುಬಿದಿರೆಯ ಪೇಟೆಯಲ್ಲಿರುವ ಹೇಮರಾಜರ ಪಾತ್ರೆ ಅಂಗಡಿಗೆ ದೂರು ಹಿಡಿದುಕೊಂಡು ಬಂದವರಿಗೆ ಮೊದಲು ಸಿಗುವುದು ಉತ್ತರವಲ್ಲ, ಪುನರ್ಪುಳಿ ಶರಬತ್ತು. ಸೋರುವ ಕೊಡಪಾನವನ್ನೋ ಹಿಡಿ ಕಳಚಿದ ಬಾಣಲೆಯನ್ನೋ ಮೇಜಿನ ಮೇಲೆ ಕುಕ್ಕುವುದಕ್ಕೆ ಮುಂಚೆಯೇ ತಣ್ಣಗಿನ ಕೆಂಪು ಗ್ಲಾಸು ಕೈಗೆ ಬಂದಿರುತ್ತದೆ. ಬಿಸಿಲಲ್ಲಿ ನಡೆದು ಬಂದ ಮನುಷ್ಯ ಬೇಡ ಎನ್ನಲಾರ. ಅರ್ಧ ಗ್ಲಾಸಿಗೆ ಸ್ವರ ಇಳಿಯುತ್ತದೆ. ಗ್ಲಾಸು ಖಾಲಿಯಾಗುವಷ್ಟರಲ್ಲಿ ತೂತು ಗೀರಾಗಿರುತ್ತದೆ, ಗೀರು ಕಣ್ಣಿನ ಭ್ರಮೆಯಾಗಿರುತ್ತದೆ. ಒಬ್ಬರದ್ದು ಕುಡಿದು ಅವರಿಗೇ ಬೈಯುವ ಪದ್ಧತಿ ಈ ಕಡೆ ಇಲ್ಲ. ಹೇಮರಾಜರು ಇದನ್ನು ಮೋಸವೆಂದು ಎಣಿಸಿದವರಲ್ಲ. ಕರೆಂಟು ಬಿಲ್ಲಿನ ಹಾಗೆ ಅಂಗಡಿಯ ಒಂದು ಖರ್ಚು, ಅಷ್ಟೆ.

ಇಂಥವರ ಕಾರಿನ ಮೇಲೆ ತೆಂಗಿನಕಾಯಿ ಬಿತ್ತು.

ಬಿದ್ದದ್ದು ಬಂಟ್ವಾಳದಲ್ಲಿ, ಅಬ್ದುಲ್ ಶುಕೂರನ ಗ್ಯಾರೇಜಿನಲ್ಲಿ. ವಿಟ್ಲಕ್ಕೆ ಪಾತ್ರೆ ಕೊಟ್ಟು ಬರುವಾಗ ಕ್ಲಚ್ ಕೈಕೊಟ್ಟು, ಹೇಮರಾಜರು ಕಾರನ್ನು ಅಲ್ಲಿ ಬಿಟ್ಟು ಬಸ್ಸು ಹಿಡಿದಿದ್ದರು. ಗ್ಯಾರೇಜೆಂದರೆ ಶುಕೂರನ ಮನೆಯೆದುರಿಗೆ ಹೊದೆಸಿದ ನಾಲ್ಕು ತಗಡು. ತಗಡಿನ ಅಡಿಯಲ್ಲಿ ಜಾಗವಿಲ್ಲದ ಕಾರುಗಳಿಗೆ ತೆಂಗಿನ ಮರದ ನೆರಳು. ಕೆಲಸ ಆಯಿತೆಂದು ಫೋನು ಬಂದ ದಿನ ಹೇಮರಾಜರು ಹೋಗಿ ನೋಡಿದರೆ ಕ್ಲಚ್ ಏನೋ ಸರಿಯಾಗಿತ್ತು. ಟಾಪ್ ಮಾತ್ರ ಬಟ್ಟಲಿನ ಹಾಗೆ ಕುಳಿ ಬಿದ್ದಿತ್ತು, ಎದುರಿನ ಗಾಜಿನ ತುಂಬ ಜೇಡರ ಬಲೆ ಹರಡಿತ್ತು. ಮರ ಎರಡು ಕಾಯಿಯನ್ನು ಒಂದೊಂದಕ್ಕೆ ಒಂದರಂತೆ ಸರಿಯಾಗಿ ಹಂಚಿತ್ತು.

ಶುಕೂರ್ ನಗುತ್ತಲೇ ಬಂದ. "ಚಾ ಕುಡಿಯುವ ಹೇಮಣ್ಣ. ಮತ್ತೆ ಮಾತಾಡುವ."

ಆ ಸ್ವರ ಎಲ್ಲೋ ಕೇಳಿದ್ದು ಎಂದು ಹೇಮರಾಜರಿಗೆ ಅನ್ನಿಸಿತು. ಅದು ಅವರದ್ದೇ ಸ್ವರ. ಶರಬತ್ತಿಗೆ ಹಾಲು ಹಾಕಿದ್ದಷ್ಟೇ ವ್ಯತ್ಯಾಸ.

"ಚಾ ಬೇಡ," ಎಂದರು.

ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿ ಬಿಲ್ಲು ಬೇಡವೆಂದವರಿದ್ದರು, ಚಾ ಬೇಡವೆಂದವರಿರಲಿಲ್ಲ. ಶುಕೂರನ ನಗು ಸ್ವಲ್ಪ ಆಚೀಚೆಯಾಯಿತು. ಮರದಿಂದ ಬಿದ್ದದ್ದಕ್ಕೆ ತಾನೇನು ಮಾಡುವುದು, ತಾನು ಹತ್ತಿ ಬೀಳಿಸಿದ್ದಾ ಎಂದು ಕೇಳಿದ. ಒಳಗಿನಿಂದ ಗುದ್ದಿ ಕುಳಿ ತೆಗೆದುಕೊಡುತ್ತೇನೆ, ಅದು ಪುಕ್ಕಟೆ; ಗಾಜು ಮಾತ್ರ ನಿಮ್ಮದು ಎಂದ.

"ಕೀ ನಿನ್ನ ಕೈಯಲ್ಲಿದ್ದಷ್ಟು ಹೊತ್ತು ಕಾರು ನಿನ್ನ ಜವಾಬ್ದಾರಿ," ಎಂದರು ಹೇಮರಾಜರು. "ನನ್ನ ಅಂಗಡಿಯಲ್ಲಿ ಪಾತ್ರೆ ಹಾಳಾದರೆ ಗಿರಾಕಿಗೆ ಹೊಸತೇ ಕೊಡ್ತೇನೆ."

ಹಾಗೆ ಅವರು ಯಾರಿಗಾದರೂ ಕೊಟ್ಟದ್ದುಂಟೇ ಎಂದು ವಿಚಾರಿಸುವವರು ಅಲ್ಲಿ ಇರಲಿಲ್ಲ. ಹೊಸ ಗಾಜು, ಸರಿಯಾದ ಟಾಪ್, ಅದಕ್ಕೆ ಪೈಂಟು, ಮೂರೂ ಗ್ಯಾರೇಜಿನ ಖರ್ಚಿನಲ್ಲಿ ಆಗಬೇಕು, ಅಲ್ಲಿಯವರೆಗೆ ಕಾರು ನಿನ್ನ ಕಣ್ಣೆದುರೇ ಇರಲಿ ಎಂದು ಹೇಮರಾಜರು ಹಟ ಹಿಡಿದರು. ಕಾರಿಲ್ಲದಿದ್ದರೆ ನಾರಾವಿ, ಬೆಳ್ತಂಗಡಿ ಕಡೆಯ ವ್ಯಾಪಾರ ನಿಲ್ಲುತ್ತದೆ ಎಂದಾಗ ಶುಕೂರ್ ದೊಡ್ಡ ಮನಸ್ಸು ಮಾಡಿ ಒಂದು ಓಮ್ನಿ ಕೊಟ್ಟ. ಅದು ಫಾಝಿಲ್ ಎಂಬವನದ್ದು. ಗಲ್ಫಿಗೆ ಹೋಗುವ ಮೊದಲು ಅವನು ಅದರಲ್ಲಿ ಮನೆ ಮನೆಗೆ ಮೀನು ಮಾರುತ್ತಿದ್ದ.

ಮರುದಿನ ಬೆಳಿಗ್ಗೆ ಶುಕೂರನ ಫೋನು ಬಂತು. "ಕಾಯಿ ಹೇಗಿತ್ತು ಹೇಮಣ್ಣ? ಓಮ್ನಿಯ ಹಿಂದಿನ ಸೀಟಲ್ಲಿ ಇಟ್ಟಿದ್ದೆ. ನಿಮ್ಮ ಕಾರಿಗೆ ಬಿದ್ದದ್ದಲ್ವಾ, ನಿಮಗೇ ಇರಲಿ ಅಂತ."

ಹೇಮರಾಜರು ಅಡುಗೆಮನೆಯತ್ತ ನೋಡಿದರು. ಹೆಂಡತಿ ಅನಂತಮತಿ ತುರಿಮಣೆ ತೊಳೆಯುತ್ತಿದ್ದರು. ನಿನ್ನೆ ಸಂಜೆ ಜೈನರ ಪದ್ಧತಿಯಂತೆ ಸೂರ್ಯ ಮುಳುಗುವ ಮೊದಲು ಎರಡು ಲೋಟ ಪಾಯಸ ಕುಡಿದದ್ದು, ಕಾಯಿ ಒಳ್ಳೆಯದಿದೆ ಎಂದು ಹೊಗಳಿದ್ದು, ಎಲ್ಲ ಅವರಿಗೆ ಒಟ್ಟಿಗೇ ನೆನಪಾಯಿತು. ಚಾ ಬಿಟ್ಟು ಬಂದವರು ಪಾಯಸದಲ್ಲಿ ಸಿಕ್ಕಿಬಿದ್ದಿದ್ದರು.

ತಂಗಿಯ ಮಗಳು ಸಾಧನಾ ಬೆಳ್ತಂಗಡಿಯಲ್ಲಿ ಒಬ್ಬ ವಕೀಲರ ಹತ್ತಿರ ಕೆಲಸಕ್ಕಿದ್ದಳು. ಕಾರಿನ ಫೋಟೋ ತೆಗೆಯಬೇಕು, ಬೇರೆ ಗ್ಯಾರೇಜಿನಿಂದ ರಿಪೇರಿಗೆ ಎಷ್ಟಾಗುತ್ತದೆಂದು ಬರೆಸಿಕೊಳ್ಳಬೇಕು, ಕೇಳದಿದ್ದರೆ ನೋಟಿಸು ಕಳಿಸಿ ಗ್ರಾಹಕರ ಕೋರ್ಟಿಗೆ ಹೋಗಬಹುದು ಎಂದು ಅವಳು ತಿಳಿಸಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಆ ತೆಂಗಿನಕಾಯಿ ಉಂಟಲ್ವಾ ಮಾವ?"

"ಪಾಯಸ ಆಯಿತು."

ಸಾಧನಾ ಸಾಕ್ಷಿಯ ಆಸೆ ಬಿಟ್ಟಳು. ಫೋಟೋವಾದರೂ ಬೇಗ ತೆಗೆಯಿರಿ ಎಂದಳು.

ಫೋಟೋ ಆಯಿತು, ಬೆಳ್ತಂಗಡಿಯ ಗ್ಯಾರೇಜಿನವನ ಬರಹವೂ ಆಯಿತು. ಕೋರ್ಟಿನ ದಾರಿಗೆ ಮಾತ್ರ ಹೇಮರಾಜರಿಗೆ ಮನಸ್ಸಾಗಲಿಲ್ಲ; ತೀರ್ಪು ಬರುವಷ್ಟರಲ್ಲಿ ಆ ಬಟ್ಟಲಲ್ಲಿ ಎರಡು ಮಳೆಗಾಲದ ನೀರು ನಿಂತಿರುತ್ತದೆ. ಇತ್ತ ಓಮ್ನಿ ತನ್ನ ಕೆಲಸ ಶುರು ಮಾಡಿತ್ತು. ಎಷ್ಟು ತೊಳೆದರೂ ಅದು ತನ್ನ ಹಳೆಯ ಕಸುಬನ್ನು ಮರೆಯಲಿಲ್ಲ. ನಾರಾವಿಯಲ್ಲಿ ನಾಲ್ಕು ತಲೆಮಾರಿನಿಂದ ಇವರ ಪಾತ್ರೆಯನ್ನೇ ಕೊಳ್ಳುತ್ತಿದ್ದ ಜೈನ ಮನೆಯೊಂದರ ಹೆಂಗಸು ಹೊಸ ಅನ್ನದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಇದರಲ್ಲಿ ಮೊದಲು ಯಾರಾದರೂ ಅಡುಗೆ ಮಾಡಿದ್ದಾ ಎಂದು ಕೇಳಿ ಎರಡು ಬೆರಳಲ್ಲಿ ಹಿಂದೆ ಕೊಟ್ಟಳು. ಸುದ್ದಿ ಓಮ್ನಿಗಿಂತ ಮೊದಲು ಮುಂದಿನ ಮನೆ ತಲುಪಿತು. ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಬೆಕ್ಕುಗಳು ಹೆಚ್ಚಾದವು. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಲ್ಲಿ ಸಾಲಾಗಿ ಕುಳಿತಿರುತ್ತಿದ್ದವು, ಬ್ಯಾಂಕಿನ ಎದುರು ಪೆನ್ಶನಿನವರು ಕುಳಿತ ಹಾಗೆ.

ಕೊನೆಗೆ ಮೊಯಿದಿನಬ್ಬರನ್ನು ಹಿಡಿಯಬೇಕಾಯಿತು. ಹಳೆಯ ತಾಮ್ರ ಹಿತ್ತಾಳೆ ಕೊಳ್ಳುವ ಗುಜರಿ ವ್ಯಾಪಾರಿ ಅವರು. ಹೇಮರಾಜರಿಗೂ ಬೇಕಾದವರು, ಶುಕೂರನಿಗೂ ಬೇಕಾದವರು. ಫೋಟೋ, ಬರಹ ಎರಡನ್ನೂ ಹಿಡಿದುಕೊಂಡು ಹೋಗಿ, ಹೇಗೆ ಮಾತಾಡಿದರೋ, ಗಾಜು, ಟಾಪ್, ಪೈಂಟು ಮೂರಕ್ಕೂ ಶುಕೂರನನ್ನು ಒಪ್ಪಿಸಿ ಬಂದರು. ಶುಕೂರನದ್ದು ಒಂದೇ ಷರತ್ತು: ಹೇಮಣ್ಣ ತನ್ನಲ್ಲಿ ಬಂದು ಚಾ ಕುಡಿಯಬೇಕು. ಊರವರ ಎದುರು ಬೇಡವೆಂದಿದ್ದಾರೆ; ಒಟ್ಟಿಗೆ ಕೂತು ಕುಡಿಯದೆ ಮಾತು ಮುಗಿದ ಹಾಗಲ್ಲ, ಮಾತು ಮುಗಿಯದೆ ಸ್ಪ್ಯಾನರು ಎತ್ತುವುದಿಲ್ಲ. ಒಪ್ಪಿದ್ದಾನಲ್ಲ, ಇನ್ನು ಕುಡಿದರೆ ನಷ್ಟವಿಲ್ಲ ಎಂದು ಹೇಮರಾಜರೂ ತಲೆಯಾಡಿಸಿದರು.

ಆ ರಾತ್ರಿ ಚಂದ್ರ ಕಾಣಿಸಿದ. ರಂಝಾನ್ ಶುರುವಾಯಿತು.

ಮರುದಿನ ಮಧ್ಯಾಹ್ನ ಗ್ಯಾರೇಜಿನ ಬೆಂಚಿನಲ್ಲಿ ಮೂವರೂ ಕುಳಿತರು. ಎದುರಿಗೆ ಕುಳಿ ಬಿದ್ದ ಕಾರು, ಪಕ್ಕದಲ್ಲಿ ಓಮ್ನಿ, ಅದರಡಿಯಲ್ಲಿ ಬಂಟ್ವಾಳದ ಒಂದು ಬೆಕ್ಕು.

"ಸಂಜೆ ಮಗ್ರಿಬಿಗೆ ಬಾಂಗ್ ಕೊಟ್ಟ ಕೂಡಲೆ ಕುಡಿಯುವ," ಎಂದರು ಮೊಯಿದಿನಬ್ಬ.

"ಸೂರ್ಯ ಮುಳುಗಿದ ಮೇಲೆ ನನಗೆ ಇಲ್ಲ."

"ಮುಳುಗುವ ಮೊದಲು ನಮಗೆ ಇಲ್ಲ."

ಬೆಳಗಿನ ಜಾವದ ಮಾತೂ ಬಂತು. ಅವರು ಬೆಳಕು ಹರಿಯುವ ಮೊದಲು ನಿಲ್ಲಿಸುತ್ತಾರೆ, ಇವರು ಸೂರ್ಯ ಕಂಡ ಮೇಲೆ ಶುರು ಮಾಡುತ್ತಾರೆ. ಮೊಯಿದಿನಬ್ಬ ಕೈಬೆರಳಲ್ಲಿ ಲೆಕ್ಕ ಹಾಕಿ, ಮಡಚಿ, ಮತ್ತೆ ಬಿಡಿಸಿ ನೋಡಿದರು. ಇಬ್ಬರು ಸಭ್ಯ ಮನುಷ್ಯರು ಒಟ್ಟಿಗೆ ಚಾ ಕುಡಿಯಲು ಇಡೀ ದಿನದಲ್ಲಿ ಒಂದು ನಿಮಿಷವೂ ಇರಲಿಲ್ಲ. ಇದರಲ್ಲಿ ಯಾರದ್ದೂ ತಪ್ಪಿರಲಿಲ್ಲ. ಎಲ್ಲ ಸೂರ್ಯನದ್ದೇ.

"ಪೆರ್ನಾಲ್ ಹಬ್ಬ ಕಳೆದ ಮೇಲೆ ಕುಡಿಯುವ ಹೇಮಣ್ಣ," ಎಂದ ಶುಕೂರ್. ಅವನಿಗೆ ಅವಸರವಿರಲಿಲ್ಲ.

"ಒಂದು ತಿಂಗಳು ಇದರಲ್ಲಿ ತಿರುಗಿದರೆ ನಾನು ಅಂಗಡಿ ಮುಚ್ಚಿ ಬೆಕ್ಕು ಸಾಕಬೇಕು ಮಾರಾಯ."

ಆಗ ಮನೆಯ ಒಳಗಿನಿಂದ ಕೋಲೂರಿಕೊಂಡು ಶುಕೂರನ ತಾಯಿ ಪಾತುಮ್ಮ ಬಾಗಿಲಿಗೆ ಬಂದರು. ವಯಸ್ಸಾಗಿ, ಸಕ್ಕರೆ ಕಾಯಿಲೆಯಾಗಿ, ಡಾಕ್ಟರು ಉಪವಾಸ ಬೇಡವೆಂದಿದ್ದರು.

"ನನಗೆ ನೋಂಬು ಇಲ್ಲ, ಮಾತ್ರೆ ಉಂಟು. ಇವನ ಚಾ ನಾನು ಕುಡಿತೇನೆ," ಎಂದರು. "ಹೇಗೂ ಮರ ನನ್ನದು. ಕಾಯಿ ತೆಗೆಸು, ತೆಗೆಸು ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು."

ಶುಕೂರ್ ನೆಲ ನೋಡಿದ. ಮೊಯಿದಿನಬ್ಬ ಆಲೋಚಿಸಿ, ಗ್ಯಾರೇಜಿನವನಿಗಿಂತ ಮರದವರು ಕುಡಿಯುವುದೇ ಹೆಚ್ಚು ಸರಿ ಎಂದು ತೀರ್ಪು ಕೊಟ್ಟರು. ಉಪವಾಸದವರೆದುರು ಬೇಡವೆಂದು ಇಬ್ಬರೂ ಒಳಗಿನ ಕೋಣೆಗೆ ಹೋದರು. ಶುಕೂರನ ಹೆಂಡತಿ ರುಕಿಯಾ ಎರಡು ಲೋಟ ಚಾ ತಂದಿಟ್ಟಳು. ಹೇಮರಾಜರು ಲೋಟ ಎತ್ತಿದರು. ಪಾತುಮ್ಮ ಎತ್ತಲಿಲ್ಲ.

"ರುಕಿಯಾ, ಆ ತೊಂದೂರು ತಾ."

ಪುಂಡಿ, ಇಡ್ಲಿ ಬೇಯಿಸುವ ಹಬೆಪಾತ್ರೆ ಬಂತು. ಅದನ್ನು ದೂರದಿಂದ ನೋಡಿಯೇ ಹೇಮರಾಜರಿಗೆ ತಮ್ಮ ಅಂಗಡಿಯ ಮಾಲು ಎಂದು ಗುರುತು ಹತ್ತಿತು.

"ಮೂಡುಬಿದ್ರಿಯಲ್ಲಿ ನನ್ನ ಮಗಳ ಮನೆ ಉಂಟು. ಅಲ್ಲಿಗೆ ಬಂದಾಗ ತಕ್ಕೊಂಡದ್ದು. ಮೊದಲ ದಿನವೇ ಸೋರಿತು. ಬದಲಿಸ್ಲಿಕ್ಕೆ ಬಂದೆ, ನೀವು ಶರಬತ್ತು ಕೊಟ್ರಿ. ಒಳ್ಳೆದಿತ್ತು. ಕುಡಿದು, ತೊಂದೂರು ಹಿಡ್ಕೊಂಡು ಹಾಗೇ ಬಂದೆ."

ಹೇಮರಾಜರ ಬಾಯಿ ಅಭ್ಯಾಸಬಲದಿಂದ ತಾನಾಗಿಯೇ ತೆರೆಯಿತು. "ಸಣ್ಣ ಗೀರು ಅಮ್ಮ, ಅದು..."

ರುಕಿಯಾ ಒಂದು ಚೆಂಬು ನೀರು ಹೊಯ್ದಳು. ಗೀರಿನಿಂದ ನೀರು ಅವರ ಬಿಳಿ ಪಂಚೆಯ ಮೇಲೆ ಒಂದೇ ಧಾರೆಯಾಗಿ ಇಳಿಯಿತು. ಬಾಗಿಲ ಹೊರಗಿನಿಂದ ಶುಕೂರನ ಸ್ವರ ಮೆಲ್ಲಗೆ ಕೇಳಿಸಿತು: "ಗಿರಾಕಿಗೆ ಹೊಸತೇ ಕೊಡ್ತೇನೆ ಅಂತ ಹೇಳಿದ್ರಿ ಹೇಮಣ್ಣ."

ಕೈಯಲ್ಲಿದ್ದ ಚಾ ಆರುತ್ತಿತ್ತು. ಬಂಟ್ವಾಳದ ಸೂರ್ಯ ಯಾರಿಗೂ ಕಾಯದೆ ಪಶ್ಚಿಮಕ್ಕೆ ಜಾರುತ್ತಿದ್ದ.

"ಹೊಸತು ಕೊಡ್ತೇನೆ," ಎಂದರು.

"ದೊಡ್ಡ ಸೈಜಿನದ್ದು."

"ದೊಡ್ಡದು ಎಂತಕ್ಕೆ ಅಮ್ಮ?"

"ಇಷ್ಟು ವರ್ಷ ಸೋರಿದ್ದಕ್ಕೆ."

ಹಾಳಾದದ್ದಕ್ಕೆ ಹೊಸತು ಕೇಳಬಹುದು, ಹಾಳಾಗಿ ಕಷ್ಟವಾದದ್ದಕ್ಕೂ ಬೇರೆಯಾಗಿ ಕೇಳಬಹುದು. ಇಷ್ಟು ವರ್ಷ ವ್ಯಾಪಾರ ಮಾಡಿಯೂ ಇದು ತಮಗೆ ಹೊಳೆಯಲಿಲ್ಲವಲ್ಲ ಎಂದು ಹೇಮರಾಜರಿಗೆ ಹೊಟ್ಟೆಕಿಚ್ಚಾಯಿತು. "ಹಾಗಾದರೆ ಆ ಓಮ್ನಿಯಿಂದ ನನ್ನ ವ್ಯಾಪಾರ ಹಾಳಾದದ್ದಕ್ಕೆ?"

"ಅದಕ್ಕೆ ಎರಡು ಕಾಯಿ ತಿಂದ್ರಿ ಅಲ್ವಾ," ಎಂದು ಪಾತುಮ್ಮ ಲೋಟ ಎತ್ತಿದರು.

ಇಬ್ಬರೂ ಕುಡಿದರು. ಪಾತುಮ್ಮನ ಕಾಯಿಲೆಯ ದೆಸೆಯಿಂದ ಚಾಕ್ಕೆ ಸಕ್ಕರೆಯೇ ಇರಲಿಲ್ಲ. ಹೇಮರಾಜರು ಮುಖ ಕಿವುಚದೆ ತಳದವರೆಗೂ ಕುಡಿದು, ಲೋಟ ಕವುಚಿ ಇಟ್ಟರು. ಹೊರಗೆ ಸ್ಪ್ಯಾನರಿನ ಸದ್ದು ಶುರುವಾಯಿತು.

ಪೆರ್ನಾಲಿಗೆ ಮೊದಲೇ ಕಾರು ಮನೆಗೆ ಬಂತು. ಹೊಸ ಗಾಜು, ಕುಳಿ ಎಲ್ಲಿತ್ತೆಂದು ಹುಡುಕಬೇಕಾದಷ್ಟು ನುಣ್ಣಗಿನ ಟಾಪ್. ತರಲು ಹೋದಾಗ ಹೇಮರಾಜರು ದೊಡ್ಡ ಸೈಜಿನ ತೊಂದೂರನ್ನು ಕೊಡುವ ಮೊದಲು ನೀರು ತುಂಬಿಸಿ, ಪಾತುಮ್ಮನ ಎದುರೇ ಎತ್ತಿ ಹಿಡಿದು ತೋರಿಸಿದರು. ಆ ಹೊತ್ತಿಗೆ ಅದೇ ಮರದಿಂದ ಕಾಯಿ ತೆಗೆಯುವವನು ಇಳಿಯುತ್ತಿದ್ದ.

ಬೆಕ್ಕುಗಳೂ ಒಂದೊಂದಾಗಿ ಅಂಗಡಿಯ ಮೆಟ್ಟಿಲು ಬಿಟ್ಟವು. ಶರಬತ್ತು ಈಗಲೂ ಉಂಟು, ಮೊದಲಿನಷ್ಟೇ ತಣ್ಣಗೆ. ಆದರೆ ಬಂಟ್ವಾಳದ ಕಡೆಯಿಂದ ದೂರು ಹಿಡಿದುಕೊಂಡು ಬಂದವರು ಗ್ಲಾಸನ್ನು ತೆಗೆದುಕೊಂಡು, ಜಾಗ್ರತೆಯಾಗಿ ಮೇಜಿನ ಒಂದು ಬದಿಗೆ ಇಟ್ಟು, ಮೊದಲು ಒಂದು ಚೆಂಬು ನೀರು ಕೇಳುತ್ತಾರೆ. ಕುಡಿಯಲಿಕ್ಕಲ್ಲ.