ಹುಸೇನ್‌ಬಿ ಬಿಟ್ಟುಹೋದ ಮೊಲ

ನಾರಾಯಣಪೇಟೆಯ ನೇಕಾರರ ಓಣಿಯ ಭೀಮಮ್ಮ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಎಣ್ಣೆ ಕೊಂಡರೆ ಮೂಸುವಳು, ನೂಲು ಕೊಂಡರೆ ಹಲ್ಲಿಗಿಟ್ಟು ಕಚ್ಚಿ ನೋಡುವಳು. ಗಂಡ ಯಲ್ಲಯ್ಯ ಸಂತೆಯಿಂದ ತಡವಾಗಿ ಬಂದರೂ ಅನುಮಾನ, ಬೇಗ ಬಂದರೆ ಇನ್ನೂ ಅನುಮಾನ. ಇಂಥವಳ ಕೈಗೇ ನೋಡಿ, ಪಕ್ಕದ ಮನೆಯ ಹುಸೇನ್‌ಬಿ ತನ್ನ ಮಗಳ ಮೊಲವನ್ನು ಒಪ್ಪಿಸಿ ಹೋದದ್ದು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಸರ್ಕಾರ ಬಿದ್ದುಹೋದ ಹೊಸತು. ಮೊನ್ನೆಯ ತನಕ ರಜಾಕಾರರಿಗೆ ಹೆದರಿ ಅಗಳಿ ಹಾಕಿಕೊಳ್ಳುತ್ತಿದ್ದ ಮನೆಗಳು ಬಾಗಿಲು ತೆರೆದವು. ಈಗ ಮುಸ್ಲಿಮರ ಮನೆಗಳ ಬಾಗಿಲು ಮುಚ್ಚಿಕೊಂಡವು. ಹುಸೇನ್‌ಬಿಯ ಗಂಡ ಓಣಿಯ ನೂಲಿಗೆಲ್ಲ ಬಣ್ಣ ಹಾಕುತ್ತಿದ್ದವನು, ಯಾರ ತಂಟೆಗೂ ಹೋದವನಲ್ಲ. ಆದರೂ ಜೀವದ ಭಯ. ಗದ್ವಾಲಿನ ತವರಿಗೆ ಹೊರಟ ಬಂಡಿಯಿಂದಿಳಿದು ಆಕೆ ಬುಟ್ಟಿ ಚಾಚಿದಳು.

"ಅಕ್ಕಾ, ನಾವು ತಿರುಗಿ ಬರೋತನಕ ಇದನ್ನ ನೋಡ್ಕೋರಿ. ಹುಡುಗಿ ಇದರ ಮ್ಯಾಗ ಜೀವ ಇಟ್ಕೊಂಡಾಳ."

"ಖರೇನ ಬರ್ತೀಯೇನು?" ಎಂದಳು ಭೀಮಮ್ಮ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ನೋಡಿದರೆ, ಮೊಲದ ತಲೆ ಯಾರೋ ತಿರುವಿಟ್ಟ ಹಾಗೆ ಒಂದು ಮಗ್ಗುಲಿಗೆ ವಾಲಿತ್ತು. ಕಣ್ಣುಗುಡ್ಡೆಗಳು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತಿದ್ದವು. ಏಳಹೋದರೆ ಗಿರಗಿರನೆ ಉರುಳಿ ಗೋಡೆಗೆ ಬಡಿಯುತ್ತಿತ್ತು.

"ಗಾಳಿ ಬಡದೈತಿ, ಬಿಡು," ಎಂದ ಯಲ್ಲಯ್ಯ.

"ನಿಮಗ್ಯಾಕ ಬಡಿಲಿಲ್ಲ ಹಂಗಾರ? ನೀವೂ ಅಲ್ಲೇ ಮಕ್ಕೊಂಡಿದ್ರಿ. ಯಾರೋ ಏನೋ ತಿನಿಸ್ಯಾರ."

ಯಾರೋ ಯಾಕೆ, ಎದುರುಮನೆಯ ಹನುಮಮ್ಮನೇ ಎಂದು ಭೀಮಮ್ಮನ ಅನುಮಾನ. ರಜಾಕಾರರು ಆಕೆಯ ಅಣ್ಣನನ್ನು ಬಡಿದಿದ್ದರು. "ಸಾಬರ ಮೊಲ ಸಾಕಾಕ ನಿನಗೇನು ಬಂದೈತಿ?" ಎಂದು ಬಾಯಿ ಮಾಡಿದವಳು, ಹಿಂದಿನ ಸಂಜೆ ತಾನಾಗಿಯೇ ಒಂದು ಹಿಡಿ ಹತ್ತರಕಿ ಸೊಪ್ಪು ತಂದು ಅದರ ಮುಂದೆ ಹಾಕಿ ಹೋಗಿದ್ದಳು. ಯಾಕೆ ಹಾಕಿದಳು?

ಮೊಲ ಸತ್ತರೆ ಹುಸೇನ್‌ಬಿಗೆ ಏನು ಹೇಳುವುದು? ತಾವು ಊರು ಬಿಟ್ಟದ್ದೇ ತಡ, ಕೊಂದು ಹಾಕಿದರು ಅನ್ನುತ್ತಾಳೆ. ಆಕೆಯ ಜಾಗದಲ್ಲಿ ತಾನಿದ್ದರೂ ಹಾಗೆಯೇ ಅನ್ನುತ್ತಿದ್ದಳು. ಭೀಮಮ್ಮನ ನಿದ್ದೆ ಕೆಡಿಸಿದ್ದು ಇದೇ.

ಕುಣಿಮಗ್ಗದಲ್ಲಿ ನೇಯುವವರು ಕಾಲು ಇಳಿಬಿಡಲು ನೆಲದಲ್ಲಿ ತೋಡಿದ ಕುಣಿಯಿರುತ್ತದಲ್ಲ, ಅದರ ಮೂಲೆಯಲ್ಲಿ ಹಳೆ ಸೀರೆಯ ಸುರುಳಿ ಎರಡೂ ಬದಿಗಿಟ್ಟು, ನಡುವೆ ಮೊಲವನ್ನು ಉರುಳದಂತೆ ಕೂರಿಸಿದಳು. ನೂಲು ಸುತ್ತುವ ಕಂಡಿಕೆಯ ಟೊಳ್ಳು ಕಡ್ಡಿಯಿಂದ ತೆಳ್ಳನೆ ಜೋಳದ ಗಂಜಿ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಆಗಾಗ ಮಗ್ಗುಲು ಬದಲಿಸಿದಳು. ಬೇರೆಯವರು ಕೊಟ್ಟ ಹುಲ್ಲುಕಡ್ಡಿಯನ್ನೂ ಒಳಗೆ ಬಿಡಲಿಲ್ಲ.

ಅಷ್ಟರಲ್ಲಿ ಭೀಮಮ್ಮನ ಮಗ್ಗದ ಹಾಸಿನ ಉದ್ದನೆಯ ಎಳೆಗಳಿಗೆ ಗಂಜಿ ಹಾಕುವ ದಿನ ಬಂತು. ಯಾರ ಮನೆಯ ಹಾಸು ಬೀದಿಯಲ್ಲಿ ಚಾಚಿದರೂ ಓಣಿಗೆ ಓಣಿಯೇ ಕರೆಯದೆ ಬರಬೇಕು. ಒಮ್ಮೆ ನೂಲು ನೆನೆಯಿತೆಂದರೆ ಒಣಗುವ ತನಕ, ಎಳೆಗಳು ಅಂಟದಂತೆ ಎಳೆಯುವ ಕುಂಚ ನಿಲ್ಲಬಾರದು. ಮೊಲವೋ, ಅವತ್ತು ಸೀರೆಯ ಸುರುಳಿಗಳ ನಡುವೆಯೂ ನಿಲ್ಲದೆ ಒದ್ದಾಡುತ್ತಿತ್ತು. ಯಾರಾದರೂ ಎತ್ತಿ ಹಿಡಿಯಲೇಬೇಕು. ಕೈ ಉಳುಕಿ ಕುಂಚ ಹಿಡಿಯಲಾರದೆ ಕಟ್ಟೆಯ ಮೇಲೆ ಕೂತಿದ್ದವಳು ಒಬ್ಬಳೇ, ಹನುಮಮ್ಮ.

"ಕೊಡು ಇಲ್ಲಿ."

"ನಿನ್ನ ಕೈಯಾಗಾ?"

"ಬ್ಯಾಡಂದ್ರ ಬಿಡು. ನಿನ್ನ ಹಾಸು ಒಣಗಿ ಕಡ್ಡಿ ಆಗತೈತಿ, ನನ್ನದಲ್ಲ."

ಭೀಮಮ್ಮ ಕೊಟ್ಟಳು. ಒಂದು ಸಲ ಕುಂಚ ಎಳೆಯುವಳು, ಕಟ್ಟೆಯ ಕಡೆ ತಿರುಗುವಳು. ಎಳೆಗಳು ಒಂದಕ್ಕೊಂದು ಅಂಟಿಕೊಂಡವು.

"ಭೀಮಮ್ಮಾ, ಕುಂಚ ಹಾಸಿನ ಮ್ಯಾಗ ಎಳಿಯವ್ವಾ, ಹನುಮಮ್ಮನ ಮಾರಿ ಮ್ಯಾಗಲ್ಲ!" ಎಂದು ಜೊತೆಗೆ ಕುಂಚ ಹಿಡಿದಿದ್ದ ತಿರುಪತಮ್ಮ ಕೂಗಿದ್ದಕ್ಕೆ ಬೀದಿಯೆಲ್ಲ ನಕ್ಕಿತು.

ಆಗಲೇ ಹನುಮಮ್ಮ ಉಡಿಯಿಂದ ಹತ್ತರಕಿ ತೆಗೆದಳು. ಭೀಮಮ್ಮ ಕುಂಚ ಬಿಸಾಕಿ ಓಡಿದಳು. ಹನುಮಮ್ಮ ಆಕೆಯ ಮುಖವನ್ನೇ ನೋಡುತ್ತ, ಎಲೆಯನ್ನು ತನ್ನ ಬಾಯಿಗಿಟ್ಟು ಅರ್ಧ ಕಚ್ಚಿ, ಅಗಿದು, ನುಂಗಿ, ಉಳಿದರ್ಧ ಮೊಲದ ಬಾಯಿಗೆ ಹಿಡಿದಳು.

"ಮೊದ್ಲು ನಾ ತಿಂದೀನಿ. ನಾ ಸತ್ತ ಮ್ಯಾಗ ಬೈಯಿ."

ಕಾಯಿಲೆ ಬಿದ್ದಂದಿನಿಂದ ಏನನ್ನೂ ಅಗಿಯದ ಮೊಲ ಕರಕರ ಅಗಿಯಿತು. ಭೀಮಮ್ಮ ತಿರುಗಿ ಹೋಗಿ ಕುಂಚ ಎತ್ತಿಕೊಂಡಳು. ಆದರೆ ಸಂಜೆಯ ತನಕ ಒಂದಲ್ಲ ಒಂದು ನೆಪ ಮಾಡಿ ಎದುರುಮನೆಗೆ ಹೋಗಿ, ಹನುಮಮ್ಮ ಬದುಕಿದ್ದಾಳೋ ಇಲ್ಲವೋ ನೋಡಿಕೊಂಡು ಬಂದಳು.

ಮೊಲ ಉಳಿಯಿತು. ಕುತ್ತಿಗೆ ಮಾತ್ರ ನೆಟ್ಟಗಾಗಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಹುಸೇನ್‌ಬಿ ಬಂದಳು. ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟು ಕೇಳಿದಳು: "ಯಾರು ತಿರುವ್ಯಾರ ಇದರ ಕುತ್ತಿಗಿ?"

ಭೀಮಮ್ಮ ಎಷ್ಟೋ ಮಾತು ಜೋಡಿಸಿಟ್ಟಿದ್ದಳು. ಹುಸೇನ್‌ಬಿಯ ಆ ಕಣ್ಣು ಅವಳಿಗೆ ಗುರುತಿನದು. ತಾನು ಕಟ್ಟೆಯ ಮೇಲಿನ ಹನುಮಮ್ಮನತ್ತ ಹಾಯಿಸಿದ ಕಣ್ಣೇ ಅದು. ಒಂದು ಹತ್ತರಕಿ ಎಲೆ ತೆಗೆದು, ಅರ್ಧ ತಾನು ತಿಂದು, ಅರ್ಧ ಮೊಲಕ್ಕೆ ಕೊಟ್ಟಳು. ಅದು ವಾರೆ ತಲೆಯಲ್ಲೇ ಬಂದು, ಅವಳ ಮೊಣಕಾಲಿಗೆ ಒರಗಿ ತಿಂದಿತು.

ಹುಸೇನ್‌ಬಿ ಪಕ್ಕಕ್ಕಿಟ್ಟಿದ್ದ ಚೊಂಬೆತ್ತಿ ನೀರು ಕುಡಿದಳು.

"ಅಕ್ಕಾ, ಯಾವ ಮಗ್ಗಲಕ ಮಲಗಸ್ತೀರಿ ಇದನ್ನ?"

ಭೀಮಮ್ಮ ಹೇಳಿಕೊಟ್ಟಳು. ಆದರೆ ಬುಟ್ಟಿಯ ಅಂಚು ಹಿಡಿದ ಕೈ ಬಿಡಲಿಲ್ಲ.

"ನಿಮ್ಮ ಮನ್ಯಾಗ ಕುಣಿ ಎಲ್ಲೈತಿ? ಉರುಳಿ ಬಿದ್ರ ಏನ್ಮಾಡ್ತಿ?" ಎಂದಳು.